ಮೇಜಿನ ಮೇಲೊಂದು ಕಾಗದದ ಮನೆ

ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟದ ಮೇಜಿಗೆಂದು ಪಿಡಿಎಫ್ ರೂಪದಲ್ಲಿ ಕೊಂಡ, ಮುದ್ರಿಸಿ ಕತ್ತರಿಸಿ ಅಂಟಿಸಬೇಕಾದ, ಮಧ್ಯಯುಗದ ಇಂಗ್ಲೆಂಡಿನ ಮರದ ಚೌಕಟ್ಟಿನ ಎರಡಂತಸ್ತಿನ ಮನೆಯ ಕಾಗದದ ಮಾದರಿಯನ್ನು ಎರಡು ಸಂಜೆ ಕುಳಿತು ಕಟ್ಟಿ ಮುಗಿಸಿದ್ದೇನೆ. 28 ಮಿ.ಮೀ. ಅಳತೆಯ ಸೈನಿಕರ ಗೊಂಬೆಗಳು ಪೀಠದ ಮೇಲೆ ನಿಲ್ಲುವುದರಿಂದ ಇನ್ನಷ್ಟು ಎತ್ತರವಾಗಿ ಕಾಣುತ್ತವೆ. ಇದನ್ನರಿತ ವಿನ್ಯಾಸಕಾರರು ಬಾಗಿಲನ್ನು 40 ಮಿ.ಮೀ.ಗೆ ಏರಿಸಿರುವುದು ಜಾಣತನ. ಬೀದಿಯ ಕಡೆಗೆ ಚಾಚಿಕೊಂಡ ಮೇಲಂತಸ್ತು, ತೊಲೆಗಳ ಕೆಳಗೆ ಮುದ್ರಿಸಿರುವ ನೆರಳು, ಕಳಚಿಟ್ಟು ಒಳಗೆ ಬಿಲ್ಲುಗಾರರನ್ನು ನಿಲ್ಲಿಸಬಹುದಾದ ಚಾವಣಿ, ಎಲ್ಲವೂ ಕೊಟ್ಟ ಹಣಕ್ಕೆ ಮೋಸವಿಲ್ಲ.

ಆದರೆ ಚಾವಣಿಯ ಅಂಚಿನಲ್ಲಿ ಅಂಟು ಹಚ್ಚಲೆಂದು ಬಿಟ್ಟ ಪಟ್ಟಿ ಬರೀ 4 ಮಿ.ಮೀ. ಅಗಲವಿದ್ದು, 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ದಪ್ಪ ಕಾಗದದ ಬಿಗುವಿಗೆ ಪದೇ ಪದೇ ಬಿಟ್ಟುಕೊಂಡಿತು. ಕೊನೆಗೆ ಒಳಗಿನಿಂದ ಬೇರೊಂದು ಅಗಲವಾದ ಪಟ್ಟಿ ಅಂಟಿಸಬೇಕಾಯಿತು. ಶೇ. 100ರ ಅಳತೆಯಲ್ಲೇ ಮುದ್ರಿಸಬೇಕೆಂಬ ಮಾತು ಸೂಚನೆಯಲ್ಲಿ ಎಲ್ಲಿಯೂ ಇಲ್ಲ. ಜೆರಾಕ್ಸ್ ಅಂಗಡಿಯವರು ಹಾಳೆಗೆ ಹೊಂದುವಂತೆ ಕುಗ್ಗಿಸಿ ಕೊಟ್ಟ ಮೊದಲ ಗೋಡೆ, ಮನೆಯಲ್ಲಿ ಸರಿಯಾಗಿ ಮುದ್ರಿಸಿದ ಎರಡನೆಯದಕ್ಕೆ ಹೊಂದಿಕೊಳ್ಳಲೇ ಇಲ್ಲ. ಮಡಿಸುವ ಮುನ್ನ ಖಾಲಿಯಾದ ಬಾಲ್‌ಪೆನ್ನಿನಿಂದ ಗೆರೆ ಒತ್ತಿ, ಕತ್ತರಿಸಿದ ಬಿಳಿ ಅಂಚುಗಳಿಗೆ ಕಂದು ಸ್ಕೆಚ್‌ಪೆನ್ ತಾಗಿಸಿದರೆ, ಒಂದು ಮಾರು ದೂರದಿಂದ ಅದು ಕಾಗದವೆಂದು ಗೊತ್ತಾಗುವುದಿಲ್ಲ.