ಹಳೆ ದಿನಾರ್ ತೂಗಲು ಜೇಬಿನ ತಕ್ಕಡಿ: ಬೆಳ್ಳಿಗೆ ನಾಲ್ಕು ಸ್ಟಾರ್, ಚಿನ್ನಕ್ಕೆ ಎರಡೇ

ಬೆಳ್ಳಿ ನಾಣ್ಯ ಕೂಡಿಸುವವರು ಧೈರ್ಯವಾಗಿ ತಗೊಳ್ಳಿ, ಚಿನ್ನದವರು ಸ್ವಲ್ಪ ನಿಲ್ಲಿ. ಆನ್‌ಲೈನ್‌ನಲ್ಲಿ ಐನೂರು ರೂಪಾಯಿ ಒಳಗೆ ಸಿಗುವ ಪುಟ್ಟ ಡಿಜಿಟಲ್ ತಕ್ಕಡಿ ಇದು, 0.01 ಗ್ರಾಂ ತನಕ ತೋರಿಸುತ್ತದೆ. ಸರಿಯಾಗಿ ತೂಗುತ್ತದಾ ಅಂತ ನೋಡಲು ತೂಕದ ಬಟ್ಟು ಕೊಟ್ಟಿಲ್ಲ. ಪರವಾಗಿಲ್ಲ, ಸವೆಯದ 2012ರ ಒಂದು ರೂಪಾಯಿ ನಾಣ್ಯ ಇಡಿ, 3.79 ಬರಬೇಕು. ನನ್ನದರಲ್ಲಿ ಬಂತು.

ಒಂದೇ ತೊಂದರೆ, ಫ್ಯಾನ್ ಹಾಕಿದರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ. ಏಪ್ರಿಲ್‌ನಲ್ಲಿ ಮಂಗಳೂರಲ್ಲಿ ಫ್ಯಾನ್ ಆರಿಸಿ ನಾಣ್ಯ ತೂಗಿ ಅಂದರೆ ಯಾರು ಕೇಳುತ್ತಾರೆ ಹೇಳಿ.

ತೂಕ ಯಾಕೆ ಅಷ್ಟು ಮುಖ್ಯ ಅಂದರೆ, ಅರಬರ ಉಮಯ್ಯದ್ ಮನೆತನದ ಖಲೀಫ ಅಬ್ದುಲ್ ಮಲಿಕ್ ಹಿಜರಿ (ಇಸ್ಲಾಮಿ ಪಂಚಾಂಗ) 77ರಲ್ಲಿ, ಅಂದರೆ ಕ್ರಿ.ಶ. 696-97ರಲ್ಲಿ, ಚಿತ್ರ ತೆಗೆದುಹಾಕಿ ಬರೀ ಬರಹದ ಚಿನ್ನದ ನಾಣ್ಯ ದಿನಾರ್ ತಂದಾಗ ಅದಕ್ಕೆ ಸುಮಾರು 4.25 ಗ್ರಾಂ ಅಂತ ನಿಗದಿ ಮಾಡಿದ, ಎರಡು ವರ್ಷ ಬಿಟ್ಟು ಬಂದ ಬೆಳ್ಳಿ ದಿರ್ಹಮ್ 3 ಗ್ರಾಂಗಿಂತ ತುಸು ಕಡಿಮೆ. ದಿರ್ಹಮ್‌ಗಳ ಅಂಚು ಕತ್ತರಿಸಿರುವುದು ಉಂಟು, ಆದ್ದರಿಂದ ಅಲ್ಲಿ ತೂಕ ಕಡಿಮೆ ಬಂದರೆ ಕೂಡಲೇ ಬಿಸಾಡಬೇಡಿ. ಉಮಯ್ಯದ್ ದಿನಾರ್ ತೀರಾ ಕಡಿಮೆ ತೂಗಿದರೆ ಮಾತ್ರ ಅನುಮಾನ ಪಡಿ.

ಇದರ ನಿಜವಾದ ಉಪಯೋಗ ನೀರಿನ ಪರೀಕ್ಷೆಯಲ್ಲಿ. ಸಣ್ಣ ಲೋಟದಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ತಳ ಮುಟ್ಟದ ಹಾಗೆ ಮುಳುಗಿಸಿ ಹಿಡಿಯಿರಿ. ಆಗ ಬರುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಉತ್ತರ ಬೆಳ್ಳಿಗೆ 10.5 ಆಸುಪಾಸು ಬರಬೇಕು, ಹಿತ್ತಾಳೆಗೆ 8.5, ಅಪ್ಪಟ ಚಿನ್ನಕ್ಕೆ 19.3.

ಬಂದರಿನ ಕಡೆ ಹಳೆ ಸಾಮಾನು ಮಾರುವವರೊಬ್ಬರ ಹತ್ತಿರ ಇದನ್ನು ಹಿಡಿದುಕೊಂಡು ಹೋದೆ. ಒಂದು "ಅರಬ್ ಚಿನ್ನ" ತೋರಿಸಿದರು, ಮೀನಿನ ಬಲೆಗೆ ಸಿಕ್ಕಿದ್ದಂತೆ. ನಮ್ಮೂರಲ್ಲಿ ಈ ಕಥೆ ಚೆನ್ನಾಗಿ ಓಡುತ್ತದೆ, ಯಾಕೆಂದರೆ ಪೂರ್ತಿ ಅಸಾಧ್ಯವೂ ಅಲ್ಲ. 12ನೇ ಶತಮಾನದಲ್ಲೇ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಲ್ಲಿ ಕೂತು ಯೆಮನ್‌ನ ಏಡನ್ ಬಂದರಿನ ಜೊತೆ ವ್ಯವಹಾರ ಮಾಡುತ್ತಿದ್ದ. "ತಕ್ಕಡಿ ಎಲ್ಲ ಯಾಕೆ ಮಾರಾಯ್ರೆ, ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ವಾ" ಅಂದರು. ತೂಗಿದರೆ 3.10, ನೀರಲ್ಲಿ 0.36. ಲೆಕ್ಕ ಹಾಕಿದರೆ 8.6, ಹೊಳಪು ಕೊಟ್ಟ ಹಿತ್ತಾಳೆ. ಅದೇ ಡಬ್ಬದಲ್ಲಿ ಕಪ್ಪಾಗಿ ಬಿದ್ದಿದ್ದ ಒಂದು ಟಂಕ, ಅಂದರೆ ಬಹಮನಿ ಸುಲ್ತಾನರ ಬೆಳ್ಳಿ ನಾಣ್ಯ, 10.90 ತೂಗಿತು, ನೀರಲ್ಲಿ 1.05. ಲೆಕ್ಕಕ್ಕೆ 10.4, ಬೆಳ್ಳಿಯೇ. ಅದನ್ನು ತಂದೆ. ತಿಕ್ಕಿ ಬೆಳ್ಳಗೆ ಮಾಡಿ ಕೊಡುತ್ತೇನೆ ಅಂದರು, ಬೇಡವೇ ಬೇಡ ಅಂದೆ. ಆ ಕಪ್ಪು ಹೋದರೆ ಬೆಲೆಯೂ ಹೋಗುತ್ತದೆ. ಹಾಂ, ಯಾರಾದರೂ "ಮನೆ ಅಡಿಪಾಯ ತೋಡುವಾಗ ಸಿಕ್ಕಿದ್ದು" ಅಂದರೆ ದೂರ ಇರಿ. ಅಂಥದ್ದನ್ನು ಸರ್ಕಾರಕ್ಕೆ ತಿಳಿಸಬೇಕು ಅಂತ 1878ರ ಕಾಯ್ದೆಯೇ ಇದೆ.

ಚಿನ್ನಕ್ಕೆ ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೆ: 4.25 ಗ್ರಾಂನ ಅಪ್ಪಟ ದಿನಾರ್ ನೀರಲ್ಲಿ 0.22 ತೋರಿಸಬೇಕು. ಅದೇ ತೂಕಕ್ಕೆ 22 ಕ್ಯಾರಟ್ ಆಭರಣದ ಚಿನ್ನದಲ್ಲಿ ಈಗ ಎರಕ ಹೊಯ್ದ ನಕಲು 0.24 ತೋರಿಸುತ್ತದೆ. ತಕ್ಕಡಿ ಒಂದು ಅಂಕಿ ಆಚೀಚೆ ಆಡಿದರೆ ಎರಡೂ ಒಂದೇ. ಹಿತ್ತಾಳೆ ಸಿಕ್ಕಿಬೀಳುತ್ತದೆ, ಒಳ್ಳೆ ಅಕ್ಕಸಾಲಿ ಮಾಡಿದ ನಕಲು ಸಿಗುವುದಿಲ್ಲ. ಒರೆಗಲ್ಲಿಗೆ ಉಜ್ಜಿದರೆ ನಾಣ್ಯ ಹಾಳು. ಹಾಗಾಗಿ ಅಕ್ಷರವನ್ನೇ ನೋಡಬೇಕು. ಉಮಯ್ಯದ್ ದಿನಾರ್‌ನಲ್ಲಿ ಇಸವಿ ಅರಬಿ ಪದಗಳಲ್ಲಿ ಸುತ್ತ ಬರೆದಿರುತ್ತದೆ. ಅಂಕಿಯಲ್ಲಿ ಇದ್ದರೆ ಮುಂದಕ್ಕೆ ಮಾತೇ ಬೇಡ. ಓದಲು ಬಂದರೆ ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿಸಿ, ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. 105 ಅಂದರೆ 723-24.

ಚಿನ್ನವೇ ಜಾಸ್ತಿ ಕೊಳ್ಳುವವರು 0.001 ತೋರಿಸುವುದನ್ನು ನೋಡಿ, ಬೆಲೆ ಜಾಸ್ತಿ. ಇದನ್ನು ತಗೊಂಡರೆ ಮಳೆಗಾಲದಲ್ಲಿ ಸೆಲ್ ತೆಗೆದಿಡಿ, ನಮ್ಮ ಉಪ್ಪುಗಾಳಿಗೆ ಒಳಗಿನ ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ.