ವೈದ್ಯರ ಬಿಲ್ಲು, ಕಂಪನಿಯ ಕಾಸು: ಸಿಎಂಎಸ್‌ನ ಎರಡು ಉಚಿತ ದತ್ತಾಂಶ ತಾಣಗಳ ವಿಮರ್ಶೆ

ಅಮೆರಿಕದಲ್ಲಿ ಒಬ್ಬ ವೈದ್ಯರು ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಯಾವ ಯಾವ ಚಿಕಿತ್ಸೆಯ ಬಿಲ್ ಕಳಿಸಿದರು, ಔಷಧ ಮತ್ತು ಉಪಕರಣ ಕಂಪನಿಗಳಿಂದ ಎಷ್ಟು ಹಣ ಪಡೆದರು ಎಂಬುದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ, ಖಾತೆ ತೆರೆಯದೆ ನೋಡಬಹುದು. ಎರಡನ್ನೂ ಪ್ರಕಟಿಸುವುದು ಮೆಡಿಕೇರ್ ನಡೆಸುವ ಸಂಸ್ಥೆಯಾದ ಸಿಎಂಎಸ್. ಬಿಲ್‌ಗಳ ಲೆಕ್ಕ ಅದರ ‘ಮೆಡಿಕೇರ್ ಫಿಸಿಷಿಯನ್ ಅಂಡ್ ಅದರ್ ಪ್ರ್ಯಾಕ್ಟಿಷನರ್ಸ್’ ಕಡತದಲ್ಲಿದೆ, ಕಂಪನಿಗಳ ಹಣದ ಲೆಕ್ಕ ‘ಓಪನ್ ಪೇಮೆಂಟ್ಸ್’ ತಾಣದಲ್ಲಿದೆ. ಓಪನ್ ಪೇಮೆಂಟ್ಸ್ ಬಳಸಲು ಸಲೀಸು. ಮೆಡಿಕೇರ್ ಕಡತ ಒರಟು, ಆದರೆ ತಾಳ್ಮೆಯಿದ್ದವರಿಗೆ ಹೆಚ್ಚು ಕೊಡುವುದು ಅದೇ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಿದರೆ ಮಾತ್ರ ಪ್ರಯೋಜನ. ಒಟ್ಟು ಮೊತ್ತವನ್ನಷ್ಟೇ ನೋಡಿ ‘ಇವರು ದುಡ್ಡು ಮಾಡುವವರು’ ಎಂದು ಹಣೆಪಟ್ಟಿ ಹಚ್ಚುವವರು ಹತ್ತರಲ್ಲಿ ಎಂಟು ಸಲ ತಪ್ಪುತ್ತಾರೆ ಎಂದರೂ ಅತಿಶಯವಲ್ಲ.

ಈ ಲೆಕ್ಕಗಳು ಸುಮ್ಮನೆ ಹೊರಬಂದವಲ್ಲ. ವೈದ್ಯರ ಖಾಸಗಿತನದ ಹೆಸರಿನಲ್ಲಿ ಫ್ಲಾರಿಡಾದ ಫೆಡರಲ್ ನ್ಯಾಯಾಲಯ 1979ರಲ್ಲಿ ಕೊಟ್ಟ ತಡೆಯಾಜ್ಞೆ ಮೂರು ದಶಕಕ್ಕೂ ಹೆಚ್ಚು ಕಾಲ ಮೆಡಿಕೇರ್ ಪಾವತಿಗಳನ್ನು ಮುಚ್ಚಿಟ್ಟಿತ್ತು. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಮಾಲೀಕ ಸಂಸ್ಥೆ ಡೌ ಜೋನ್ಸ್ ಹೋರಾಡಿದ ಮೇಲೆ 2013ರಲ್ಲಿ ಅದು ತೆರವಾಯಿತು. 2014ರ ಏಪ್ರಿಲ್ 9ರಂದು 2012ರ ಲೆಕ್ಕ ಹೊರಬಿತ್ತು: 8.8 ಲಕ್ಷಕ್ಕೂ ಹೆಚ್ಚು ವೈದ್ಯರು ಮತ್ತು ಇತರ ಸೇವಾದಾರರು, ಸುಮಾರು 7,700 ಕೋಟಿ ಡಾಲರ್. ಓಪನ್ ಪೇಮೆಂಟ್ಸ್‌ನ ಮೂಲ 2010ರ ಆರೋಗ್ಯ ಕಾನೂನಾದ ಅಫೋರ್ಡಬಲ್ ಕೇರ್ ಆ್ಯಕ್ಟ್‌ನೊಳಗಿನ ಸನ್‌ಶೈನ್ ಕಾನೂನು. ಕಂಪನಿಗಳು ವೈದ್ಯರಿಗೆ ಕೊಡುವ ಹಣವನ್ನು ವರದಿ ಮಾಡಬೇಕೆನ್ನುವುದು ಅದು. ದಾಖಲಾತಿ 2013ರ ಆಗಸ್ಟ್‌ನಲ್ಲಿ ಶುರುವಾಗಿ, ಮೊದಲ ಕಂತು 2014ರ ಸೆಪ್ಟೆಂಬರ್ 30ರಂದು ಪ್ರಕಟವಾಯಿತು.

ಹುಡುಕಾಟವನ್ನು ಹೆಸರಿನಿಂದ ಶುರು ಮಾಡಬೇಡಿ. ಒಂದೇ ಹೆಸರಿನ, ಒಂದೇ ರಾಜ್ಯದ, ಒಂದೇ ವಿಭಾಗದ ಇಬ್ಬರು ವೈದ್ಯರು ಸಿಗುವುದು ಅಪರೂಪವಲ್ಲ. ಮೊದಲು ಎನ್‌ಪಿಪಿಇಎಸ್ ಎಂಬ ವೈದ್ಯರ ಸರ್ಕಾರಿ ನೋಂದಣಿ ಪುಟಕ್ಕೆ ಹೋಗಿ ಹೆಸರು, ರಾಜ್ಯ, ವಿಭಾಗ ಕೊಟ್ಟು ವೈದ್ಯರ 10 ಅಂಕಿಯ ಗುರುತಿನ ಸಂಖ್ಯೆಯಾದ ಎನ್‌ಪಿಐ ಗುರುತು ಮಾಡಿಕೊಳ್ಳಿ. ವ್ಯಕ್ತಿಗೊಂದು ಎನ್‌ಪಿಐ, ಕ್ಲಿನಿಕ್ ಅಥವಾ ಸಂಸ್ಥೆಗೆ ಬೇರೊಂದು. ನಿಮಗೆ ಬೇಕಾದದ್ದು ವ್ಯಕ್ತಿಯದು. ಆಮೇಲೆ ಸಿಎಂಎಸ್ ದತ್ತಾಂಶ ತಾಣದಲ್ಲಿ ‘ಬೈ ಪ್ರೊವೈಡರ್ ಅಂಡ್ ಸರ್ವಿಸ್’ ಕಡತ ತೆರೆದು, ವರ್ಷ ಆರಿಸಿ, ಎನ್‌ಪಿಐ ಅಂಕಣಕ್ಕೆ ಸೋಸಣಿ ಹಾಕಿ. ಇಡೀ ಕಡತ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆಯುವ ಸಾಹಸ ಬೇಡ. ಎಕ್ಸೆಲ್ ಹಾಳೆಯ ಮಿತಿ 10,48,576 ಸಾಲು, ಈ ಕಡತದಲ್ಲಿ ಅದರ ಹಲವು ಪಟ್ಟು ಸಾಲುಗಳಿವೆ, ಉಳಿದದ್ದು ಕತ್ತರಿಸಿ ಹೋಗುತ್ತದೆ. ಸೋಸಿದ ತುಣುಕನ್ನು ಎಕ್ಸೆಲ್‌ಗೆ ತರುವಾಗಲೂ ಚಿಕಿತ್ಸೆಯ ಕೋಡ್ ಮತ್ತು ಜಿಪ್ (ಅಮೆರಿಕದ ಪಿನ್ ಕೋಡ್) ಅಂಕಣಗಳನ್ನು ಪಠ್ಯವೆಂದು ಘೋಷಿಸಿಯೇ ತನ್ನಿ. ಇಲ್ಲದಿದ್ದರೆ ಅರಿವಳಿಕೆ ಕೋಡ್‌ಗಳ ಮುಂದಿನ ಸೊನ್ನೆಗಳು ಉದುರಿ, ಕೋಡ್ ಹೊಂದಿಸಲು ಹೋದಾಗ ಏನೂ ಸಿಗುವುದಿಲ್ಲ.

ಪ್ರತಿ ಸಾಲೂ ಒಂದು ಬಿಲ್ಲಿಂಗ್ ಕೋಡ್‌ನದು, ಮತ್ತು ಅದೇ ಕೋಡ್ ಕ್ಲಿನಿಕ್‌ಗೊಂದು, ಆಸ್ಪತ್ರೆಗೊಂದು ಎಂದು ಎರಡು ಸಾಲಾಗಿ ಬರಬಹುದು. ಕ್ಲಿನಿಕ್ ಸಾಲಿಗೆ ಓ, ಆಸ್ಪತ್ರೆಯಂಥ ಜಾಗಕ್ಕೆ ಎಫ್ ಗುರುತು. ಎಫ್ ಸಾಲಿನಲ್ಲಿ ವೈದ್ಯರ ಶುಲ್ಕ ಕಡಿಮೆ ಕಂಡರೆ ಅವರು ಅಗ್ಗವೆಂದಲ್ಲ. ಆಸ್ಪತ್ರೆ ತನ್ನ ಬಿಲ್ ಪ್ರತ್ಯೇಕ ಕಳಿಸಿರುತ್ತದೆ, ಅದು ಈ ಕಡತದಲ್ಲಿ ಇರುವುದೇ ಇಲ್ಲ. ಮೊತ್ತದ ಅಂಕಣಗಳು ನಾಲ್ಕು, ನಾಲ್ಕೂ ಸರಾಸರಿಗಳು: ವೈದ್ಯರು ಹಾಕಿದ ದರ, ಮೆಡಿಕೇರ್ ಒಪ್ಪಿದ ದರ, ಮೆಡಿಕೇರ್ ನಿಜವಾಗಿ ಕೊಟ್ಟದ್ದು, ಊರಿಂದೂರಿಗೆ ಬದಲಾಗುವ ದರದ ವ್ಯತ್ಯಾಸ ತೆಗೆದು ಸಮಗೊಳಿಸಿದ್ದು. ಹಾಕಿದ ದರವನ್ನು ಮರೆತುಬಿಡಿ. ಅದು ಪಟ್ಟಿಯ ಬೆಲೆ, ಮೆಡಿಕೇರ್ ಅದನ್ನು ಕೊಡುವುದಿಲ್ಲ. ಒಪ್ಪಿದ ದರಕ್ಕೂ ಕೊಟ್ಟದ್ದಕ್ಕೂ ನಡುವಿನ ಅಂತರದಲ್ಲಿ ರೋಗಿ ಭರಿಸುವ ಶೇ 20ರ ಪಾಲು ಮತ್ತು ವಾರ್ಷಿಕ ಕಡಿತ (ವಿಮೆ ಕೊಡಲು ಶುರು ಮಾಡುವ ಮುನ್ನ ಪ್ರತಿ ವರ್ಷ ರೋಗಿಯೇ ಕೊಡಬೇಕಾದ ಮೊತ್ತ) ಸೇರಿರುತ್ತವೆ. ಎರಡು ರಾಜ್ಯಗಳ ವೈದ್ಯರನ್ನು ಹೋಲಿಸುವುದಾದರೆ ಸಮಗೊಳಿಸಿದ ಅಂಕಣವೇ ಗತಿ.

ರೋಗಿಗಳ ಸಂಖ್ಯೆಯ ಅಂಕಣವನ್ನು ಕೆಳಗಿನವರೆಗೆ ಕೂಡಿಸಬಾರದು. ಒಬ್ಬರೇ ರೋಗಿ ಹತ್ತು ಕೋಡ್‌ಗಳಲ್ಲಿ ಹತ್ತು ಸಲ ಎಣಿಕೆಯಾಗಿರುತ್ತಾರೆ. ವೈದ್ಯರ ಒಟ್ಟು ರೋಗಿಗಳು ಎಷ್ಟು ಎಂಬುದಕ್ಕೆ ‘ಬೈ ಪ್ರೊವೈಡರ್’ ಎಂಬ ಇನ್ನೊಂದು ಕಡತ ನೋಡಬೇಕು. ಇದರಿಂದ ಇನ್ನೊಂದು ಉಪಯೋಗವೂ ಇದೆ. ವಿವರದ ಕಡತದಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ರೋಗಿಗಳಿರುವ ಸಾಲುಗಳನ್ನು ಗೋಪ್ಯತೆಗಾಗಿ ತೆಗೆದಿರುತ್ತಾರೆ, ಒಟ್ಟು ಕಡತದ ಮೊತ್ತದಲ್ಲಿ ಅವೂ ಸೇರಿರುತ್ತವೆ. ಎರಡರ ವ್ಯತ್ಯಾಸ ತೆಗೆದರೆ ಎಷ್ಟು ಕೆಲಸ ಕಣ್ಣಿಗೆ ಬೀಳದೆ ಉಳಿದಿದೆ ಎಂದು ತಿಳಿಯುತ್ತದೆ. ಅಪರೂಪದ ಶಸ್ತ್ರಚಿಕಿತ್ಸೆ ಮಾಡುವವರ ವಿಷಯದಲ್ಲಿ ಈ ಅಂತರ ದೊಡ್ಡದಿರುತ್ತದೆ. ನಿಮಗೆ ಬೇಕಾದ ಶಸ್ತ್ರಚಿಕಿತ್ಸೆಯ ಸಾಲೇ ಇಲ್ಲವೆಂದಾಕ್ಷಣ ಆ ವೈದ್ಯರು ಅದನ್ನು ಮಾಡಿಯೇ ಇಲ್ಲ ಎನ್ನಲಾಗದು.

ಜನ ಅತಿ ಹೆಚ್ಚು ಎಡವುವುದು ಸೇವೆಗಳ ಸಂಖ್ಯೆಯಲ್ಲಿ. ಚುಚ್ಚುಮದ್ದಿನ ಸಾಲುಗಳಲ್ಲಿ ಆ ಅಂಕಣ ಎಣಿಸುವುದು ಚುಚ್ಚಿದ ಸಲಗಳನ್ನಲ್ಲ, ಔಷಧದ ಬಿಲ್ಲಿಂಗ್ ಅಳತೆಗಳನ್ನು. ಕಣ್ಣಿನ ಅಕ್ಷಿಪಟಲ ತಜ್ಞರ ಪುಟ ಇದಕ್ಕೆ ಒಳ್ಳೆಯ ಪರೀಕ್ಷೆ. ಐಲಿಯಾ ಔಷಧದ ಕೋಡ್ ಜೆ0178, ಅಳತೆ 1 ಮಿಲಿಗ್ರಾಂ, ಒಂದು ಕಣ್ಣಿಗೆ 2 ಮಿಲಿಗ್ರಾಂ. ಅಂದರೆ ಒಂದು ಚುಚ್ಚುಮದ್ದಿಗೆ 2 ಸೇವೆ. ಲ್ಯುಸೆಂಟಿಸ್ ಕೋಡ್ ಜೆ2778, ಅಳತೆ 0.1 ಮಿಲಿಗ್ರಾಂ, ಸಾಮಾನ್ಯ ಡೋಸ್ 0.5. ಇಲ್ಲಿ 5 ಸೇವೆ. ವ್ಯಾಬಿಸ್ಮೊ ಕೋಡ್ ಜೆ2777, ಅಳತೆ 0.1, ಡೋಸ್ 6 ಮಿಲಿಗ್ರಾಂ. ಒಂದೇ ಚುಚ್ಚಿಗೆ 60 ಸೇವೆ! ವ್ಯಾಬಿಸ್ಮೊಗೆ ಬದಲಾದ ವೈದ್ಯರು ಒಂದೇ ವರ್ಷದಲ್ಲಿ ಸಾವಿರಾರು ಸೇವೆ ಜಾಸ್ತಿ ಮಾಡಿದಂತೆ ಕಾಣುವುದು ಇದರಿಂದಲೇ.

ಸರಿಯಾದ ಎಣಿಕೆಗೆ 67028 ಕೋಡ್ ಹುಡುಕಿ. ಕಣ್ಣಿನೊಳಕ್ಕೆ ಚುಚ್ಚುವ ಕೆಲಸಕ್ಕೆ ಇರುವ ಕೋಡ್ ಅದು, ಔಷಧ ಯಾವುದಾದರೂ ಇರಲಿ. ಒಂದು ಕಾಲ್ಪನಿಕ ಪುಟದಲ್ಲಿ 67028 ಒಟ್ಟು 1,500, ಜೆ0178 ಸಾಲಿನಲ್ಲಿ 1,600, ಜೆ2777 ಸಾಲಿನಲ್ಲಿ 12,000 ಇದೆ ಎಂದಿಟ್ಟುಕೊಳ್ಳಿ. ಐಲಿಯಾ 800 ಸಲ, ವ್ಯಾಬಿಸ್ಮೊ 200 ಸಲ ಆಯಿತು, ಉಳಿದ 500 ಬೇರೆ ಔಷಧ. ಅದರಲ್ಲಿ ದೊಡ್ಡ ಪಾಲು ಕ್ಯಾನ್ಸರ್ ಔಷಧ ಅವಾಸ್ಟಿನ್‌ನ ಸಣ್ಣ ಡೋಸ್‌ಗಳಾಗಿರುವ ಸಾಧ್ಯತೆ ಇದೆ. ಅದನ್ನು ಬಿಲ್ ಮಾಡುವ ಕೋಡ್ ಪ್ರದೇಶದಿಂದ ಪ್ರದೇಶಕ್ಕೆ ಬೇರೆ ಇರುವುದರಿಂದ ನೇರವಾಗಿ ಹುಡುಕುವುದಕ್ಕಿಂತ ಹೀಗೆ ಕಳೆದು ನೋಡುವುದೇ ವಾಸಿ. ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿದಾಗ 67028 ಒಂದೇ ಎಣಿಕೆಯಾಗಿ ಬರಬಹುದು, ಆದ್ದರಿಂದ ಲೆಕ್ಕ ಅಂದಾಜಿನದೇ. ಅವಾಸ್ಟಿನ್ ಡೋಸ್ ಬೆಲೆ ಹತ್ತಾರು ಡಾಲರ್, ಐಲಿಯಾ ಸಾವಿರ ದಾಟುತ್ತದೆ. ಕ್ಲಿನಿಕ್‌ನಲ್ಲಿ ಕೊಡುವ ಔಷಧಕ್ಕೆ ಮೆಡಿಕೇರ್ ಸಾಮಾನ್ಯವಾಗಿ ಸರಾಸರಿ ಮಾರಾಟ ಬೆಲೆಯ ಮೇಲೆ ಶೇ 6 ಸೇರಿಸಿ ಕೊಡುವುದರಿಂದ, ದುಬಾರಿ ಔಷಧದ ಮೇಲಿನ ಶೇ 6 ದೊಡ್ಡ ಮೊತ್ತ. (ಲ್ಯುಸೆಂಟಿಸ್, ಅವಾಸ್ಟಿನ್ ಎರಡೂ ಒಂದೇ ಕಂಪನಿಯ ಔಷಧಗಳು ಎಂಬುದು ಈ ಕಥೆಯ ಸ್ವಾರಸ್ಯ.)

ಹಾಗಾಗಿ ಅಕ್ಷಿಪಟಲ ತಜ್ಞರು, ಕ್ಯಾನ್ಸರ್ ಮತ್ತು ಸಂಧಿವಾತ ತಜ್ಞರು ಕೋಟಿಗಟ್ಟಲೆ ಪಡೆದಂತೆ ಕಂಡರೆ ಹೌಹಾರಬೇಕಿಲ್ಲ. ಆ ಹಣದ ಬಹುಪಾಲು ಔಷಧ ಖರೀದಿಗೇ ಹೋಗಿರುತ್ತದೆ. ಹಾಗೆಂದು ದೊಡ್ಡ ಮೊತ್ತವೆಲ್ಲ ನಿರಪಾಯವೂ ಅಲ್ಲ. 2012ರ ಪಟ್ಟಿಯ ತುದಿಯಲ್ಲಿ ಸುಮಾರು 2.1 ಕೋಟಿ ಡಾಲರ್‌ನೊಂದಿಗೆ ನಿಂತಿದ್ದ ಫ್ಲಾರಿಡಾದ ನೇತ್ರತಜ್ಞ ಸಾಲಮನ್ ಮೆಲ್ಗೆನ್ ಮೆಡಿಕೇರ್ ವಂಚನೆಯಲ್ಲಿ 2017ರಲ್ಲಿ ತಪ್ಪಿತಸ್ಥನಾಗಿ, 2018ರಲ್ಲಿ 17 ವರ್ಷದ ಶಿಕ್ಷೆಗೆ ಒಳಗಾದ. ಶಿಕ್ಷೆಯನ್ನು 2021ರ ಜನವರಿಯಲ್ಲಿ ಅಧ್ಯಕ್ಷರು ಮೊಟಕುಗೊಳಿಸಿದರು.

ಕಡತದ ಇನ್ನೂ ಕೆಲವು ಕುಂದುಗಳು ಹೀಗಿವೆ. ಇದರಲ್ಲಿರುವುದು ಮೂಲ ಮೆಡಿಕೇರ್‌ನ ಪಾರ್ಟ್ ಬಿ (ವೈದ್ಯರ ಸೇವೆ ಮತ್ತು ಅವರು ಕ್ಲಿನಿಕ್‌ನಲ್ಲಿ ಕೊಡುವ ಔಷಧದ ಭಾಗ) ಮಾತ್ರ. ಖಾಸಗಿ ವಿಮಾ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್‌ನಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಜನ ಇದ್ದಾರೆ, ಅವರ ಚಿಕಿತ್ಸೆ ಇಲ್ಲಿ ಕಾಣದು. ಒಬ್ಬ ವೈದ್ಯರ ಸೇವೆಗಳು ಐದು ವರ್ಷದಲ್ಲಿ ಅರ್ಧಕ್ಕಿಳಿದರೆ ಅವರ ರೋಗಿಗಳು ಅಡ್ವಾಂಟೇಜ್‌ಗೆ ಹೋಗಿರಬಹುದು, ಅಷ್ಟೇ. ನರ್ಸ್ ಪ್ರ್ಯಾಕ್ಟಿಷನರ್ (ಚಿಕಿತ್ಸೆ ಕೊಡಲು ಅನುಮತಿಯಿರುವ ನರ್ಸ್) ನೋಡಿದ ರೋಗಿಯ ಬಿಲ್ ಮೇಲ್ವಿಚಾರಕ ವೈದ್ಯರ ಎನ್‌ಪಿಐ ಮೇಲೆ ಹೋಗಲು ನಿಯಮದಲ್ಲಿ ಅವಕಾಶವಿದೆ, ಆದ್ದರಿಂದ ಒಬ್ಬರಿಂದ ಆಗದಷ್ಟು ಭೇಟಿಗಳು ಒಬ್ಬರ ಹೆಸರಲ್ಲಿ ಕಾಣುತ್ತವೆ. ದೊಡ್ಡ ಶಸ್ತ್ರಚಿಕಿತ್ಸೆಯ ಶುಲ್ಕದಲ್ಲಿ ನಂತರದ 90 ದಿನಗಳ ತಪಾಸಣೆಯೂ ಸೇರಿರುವುದರಿಂದ ಕಣ್ಣಿನ ಪೊರೆ ತೆಗೆಯುವವರು ರೋಗಿಯನ್ನು ಮತ್ತೆ ನೋಡುವುದೇ ಇಲ್ಲವೇನೋ ಎನ್ನುವಂತಿರುತ್ತದೆ. ಸಂಬಳಕ್ಕಿರುವ ವೈದ್ಯರ ಹೆಸರಿನ ಹಣ ಅವರ ಆಸ್ಪತ್ರೆಗೆ ಹೋಗಿರುತ್ತದೆ, ಅವರ ಕಿಸೆಗಲ್ಲ.

ಮಾತ್ರೆಗಳ ಲೆಕ್ಕ ಬೇಕಿದ್ದರೆ ಪಾರ್ಟ್ ಡಿ ಪ್ರಿಸ್ಕ್ರೈಬರ್ಸ್ ಎಂಬ ಮೂರನೇ ಕಡತವಿದೆ. ಇದರಲ್ಲಿ ಅಡ್ವಾಂಟೇಜ್‌ನವರ ಔಷಧ ಯೋಜನೆಗಳೂ ಸೇರಿರುವುದರಿಂದ ವ್ಯಾಪ್ತಿ ದೊಡ್ಡದು. ಮರುಪೂರಣವೂ ಒಂದು ಕ್ಲೇಮ್, 11ಕ್ಕಿಂತ ಕಡಿಮೆ ಕ್ಲೇಮ್‌ಗಳಿರುವ ಸಾಲು ಇರುವುದಿಲ್ಲ, ತಯಾರಕರು ಆಮೇಲೆ ಕೊಡುವ ರಿಯಾಯಿತಿಯನ್ನು ವೆಚ್ಚದಿಂದ ಕಳೆದಿರುವುದಿಲ್ಲ.

ಇನ್ನು ಓಪನ್ ಪೇಮೆಂಟ್ಸ್. ಹುಡುಕಾಟದ ಪುಟ ಚೊಕ್ಕವಾಗಿದೆ. ವೈದ್ಯರ ಪುಟ ತೆರೆದೊಡನೆ ವರ್ಷವಾರು ಮೊತ್ತ, ಕಂಪನಿಗಳ ಹೆಸರು, ಪಾವತಿಯ ಬಗೆ ಸಿಗುತ್ತವೆ. ಆದರೆ ಮೇಲಿನ ಒಟ್ಟು ಮೊತ್ತಕ್ಕೇ ನಿಲ್ಲಬೇಡಿ, ಬಗೆಗಳನ್ನು ಬೇರ್ಪಡಿಸಿ. ಸಂಶೋಧನಾ ಹಣದಲ್ಲಿ ವೈದ್ಯರು ಮುಖ್ಯ ಸಂಶೋಧಕರಾಗಿ ಹೆಸರಿಸಲ್ಪಟ್ಟಿದ್ದರೆ ಅದು ಸಾಮಾನ್ಯವಾಗಿ ಆಸ್ಪತ್ರೆ ಅಥವಾ ವಿಶ್ವವಿದ್ಯಾಲಯಕ್ಕೆ ಹೋದ ಹಣ. ಮೂಳೆ ಶಸ್ತ್ರಚಿಕಿತ್ಸಕರ ಲಕ್ಷಗಟ್ಟಲೆ ಡಾಲರ್ ರಾಯಧನ ಕೃತಕ ಕೀಲಿನ ವಿನ್ಯಾಸಕ್ಕೆ ಬಂದದ್ದಿರಬಹುದು. ಅಂಥವರನ್ನು ಕೇಳಬೇಕಾದದ್ದು ‘ನನಗೆ ಹಾಕುವ ಕೀಲು ನೀವು ವಿನ್ಯಾಸ ಮಾಡಿದ್ದೇ?’ ಎಂದು. ನಮ್ಮ ಪ್ರಕಾರ ಹೆಚ್ಚು ಎಚ್ಚರದಿಂದ ನೋಡಬೇಕಾದ ಸಾಲು ಭಾಷಣದ ಸಂಭಾವನೆ. ಒಂದೇ ಔಷಧಕ್ಕೆ, ಒಂದೇ ಕಂಪನಿಯಿಂದ, ವರ್ಷವಿಡೀ ಬಂದಿದ್ದರೆ ಅದು ಪಾಠಕ್ಕಿಂತ ಪ್ರಚಾರವೇ ಹೆಚ್ಚು. ಇಂಥ ಕಾರ್ಯಕ್ರಮಗಳ ಬಗ್ಗೆ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ 2020ರ ನವೆಂಬರ್‌ನಲ್ಲಿ ವಿಶೇಷ ವಂಚನಾ ಎಚ್ಚರಿಕೆ ಹೊರಡಿಸಿತ್ತು.

ಊಟದ ಸಾಲುಗಳನ್ನು ಕಂಡು ನಗುವವರಿದ್ದಾರೆ. 15 ಡಾಲರ್ ಸ್ಯಾಂಡ್‌ವಿಚ್‌ಗೆ ಯಾರು ಮಾರಿಹೋಗುತ್ತಾರೆ ಎಂಬ ವಾದ. 2016ರಲ್ಲಿ ವೈದ್ಯಕೀಯ ಪತ್ರಿಕೆ ಜಾಮಾ ಇಂಟರ್ನಲ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ 20 ಡಾಲರ್‌ಗಿಂತ ಕಡಿಮೆ ಬೆಲೆಯ ಒಂದೇ ಊಟಕ್ಕೂ ಆ ಬ್ರ್ಯಾಂಡ್ ಔಷಧ ಹೆಚ್ಚು ಬರೆಯುವುದಕ್ಕೂ ನಂಟು ತೋರಿಸಿತು. ನಂಟು ಮಾತ್ರ, ಕಾರಣವೆಂದು ಅದು ಸಾಧಿಸಲಿಲ್ಲ. ಸಾಲುಗಳನ್ನು ಕೂಡಿಸುವಾಗ ಒಂದು ಎಚ್ಚರ: ಒಂದು ಪಾವತಿಗೆ ಐದರವರೆಗೆ ಔಷಧಗಳ ಹೆಸರು ಇರಬಹುದು, ಮೊತ್ತ ಮಾತ್ರ ಒಂದೇ. ಔಷಧವಾರು ಕೂಡಿಸಿದರೆ ಅದೇ 15 ಡಾಲರ್ ಐದು ಸಲ ಲೆಕ್ಕಕ್ಕೆ ಬರುತ್ತದೆ.

ಅಲ್ಲಿ ಇಲ್ಲದವು: ಮಾದರಿ ಔಷಧಗಳು, ರೋಗಿಗಳಿಗೆಂದೇ ಕೊಟ್ಟ ಕರಪತ್ರಗಳು, ತರಬೇತಿಯಲ್ಲಿರುವ ರೆಸಿಡೆಂಟ್ ವೈದ್ಯರ ಪಾವತಿಗಳು, ಸಣ್ಣ ಮೊತ್ತಗಳು. 2024ಕ್ಕೆ ಆ ಮಿತಿ ಒಂದಕ್ಕೆ 13.07 ಡಾಲರ್ ಇತ್ತು, ವರ್ಷದ ಒಟ್ಟು 130.66 ಡಾಲರ್ ದಾಟಿದರೆ ಸಣ್ಣವನ್ನೂ ವರದಿ ಮಾಡಬೇಕಿತ್ತು. ನರ್ಸ್ ಪ್ರ್ಯಾಕ್ಟಿಷನರ್ ಮತ್ತು ಫಿಸಿಷಿಯನ್ ಅಸಿಸ್ಟೆಂಟ್‌ಗಳು ಸೇರಿದ್ದು 2021ರ ಲೆಕ್ಕದಿಂದ. ಅದಕ್ಕಿಂತ ಹಿಂದಿನ ವರ್ಷಗಳಲ್ಲಿ ಅವರ ಹೆಸರು ಸಿಗದಿದ್ದರೆ ಅರ್ಥವೇನೂ ಇಲ್ಲ. ಹೊಸ ಔಷಧದ ಸಂಶೋಧನಾ ಪಾವತಿಗಳನ್ನು ನಾಲ್ಕು ವರ್ಷದವರೆಗೆ ತಡೆಹಿಡಿಯಲು ಕಂಪನಿಗಳಿಗೆ ಅವಕಾಶವಿದೆ.

ಎರಡನ್ನೂ ಜೋಡಿಸುವಾಗ ವರ್ಷ ತಪ್ಪಿದರೆ ಎಲ್ಲ ತಪ್ಪಿತು. ಓಪನ್ ಪೇಮೆಂಟ್ಸ್ ಹಿಂದಿನ ವರ್ಷದ ಲೆಕ್ಕವನ್ನು ಜೂನ್ 30ರ ಹೊತ್ತಿಗೆ ಕೊಡುತ್ತದೆ, ಮೆಡಿಕೇರ್ ಕಡತ ಎರಡು ವರ್ಷ ಹಿಂದಿರುತ್ತದೆ. ಎರಡರ ‘ಇತ್ತೀಚಿನ’ ಪುಟಗಳನ್ನು ಹೋಲಿಸಿದರೆ ಇಂದಿನ ಊಟಕ್ಕೆ ಹೋದ ವರ್ಷದ ಚೀಟಿ ಹೊಂದಿಸಿದಂತೆ. ಎರಡರಲ್ಲೂ ಒಂದೇ ವರ್ಷ ಆರಿಸಿ, ಹಣ ಕೊಟ್ಟ ಕಂಪನಿಯ ಔಷಧದ ಸಾಲನ್ನೇ ಹುಡುಕಿ, ಅದೇ ವಿಭಾಗದ ನಾಲ್ಕಾರು ವೈದ್ಯರ ಜೊತೆ ಪಾಲು ಹೋಲಿಸಿ. ಭಾಷಣದ ಹಣವೂ ಇದ್ದು, ಆ ಔಷಧದ ಪಾಲೂ ಉಳಿದವರಿಗಿಂತ ಬಹಳ ಹೆಚ್ಚಿದ್ದರೆ, ‘ಇದಕ್ಕಿಂತ ಅಗ್ಗದ್ದು ನನಗೆ ಯಾಕೆ ಆಗದು?’ ಎಂದು ವೈದ್ಯರನ್ನೇ ಕೇಳಲು ಅಷ್ಟು ಸಾಕು.

ಅಂಕ ಕೊಡುವುದಾದರೆ ಓಪನ್ ಪೇಮೆಂಟ್ಸ್‌ಗೆ 5ಕ್ಕೆ 4, ಮೆಡಿಕೇರ್ ಕಡತಕ್ಕೆ 3. ಅಳತೆಯ ವಿವರವನ್ನು ಸೇವೆಯ ಸಂಖ್ಯೆಯ ಪಕ್ಕದಲ್ಲೇ ತೋರಿಸದಿರುವುದಕ್ಕೆ ಒಂದು ಅಂಕ ಹೋಯಿತು, ಅಡ್ವಾಂಟೇಜ್ ಇಲ್ಲದ್ದಕ್ಕೆ ಇನ್ನೊಂದು. ಎರಡನ್ನೂ ಒಂದೇ ಪುಟದಲ್ಲಿ ಬೆರೆಸಿ ‘ಅಗ್ರ ಶೇ 10’ ಎಂಬಂಥ ಬಿಲ್ಲೆ ಅಂಟಿಸುವ ಖಾಸಗಿ ತಾಣಗಳೂ ಇವೆ. ಹೆಸರಿನಿಂದ ಎನ್‌ಪಿಐ ಹುಡುಕಿಕೊಳ್ಳಲು ಅವು ಆದೀತು. ಲೆಕ್ಕ ಯಾವ ವರ್ಷದ್ದು ಎಂದು ಹೇಳದ ಪುಟದ ಬಿಲ್ಲೆಗೆ ಬೆಲೆ ಕೊಡಬೇಡಿ. ಓಪನ್ ಪೇಮೆಂಟ್ಸ್‌ನಲ್ಲಿ ತಪ್ಪು ಕಂಡರೆ ತಕರಾರು ಹಾಕುವ ಹಕ್ಕು ರೋಗಿಗಿಲ್ಲ, ವೈದ್ಯರಿಗಿದೆ. ಪ್ರಕಟಣೆಗೆ ಮುಂಚಿನ 45 ದಿನಗಳಲ್ಲಿ, ಸಾಮಾನ್ಯವಾಗಿ ಏಪ್ರಿಲ್ 1ರಿಂದ ಮೇ 15ರೊಳಗೆ, ಅವರು ಆಕ್ಷೇಪಿಸಿದರೆ ತಿದ್ದಲು ಕಂಪನಿಗೆ ಇನ್ನೂ 15 ದಿನ ಸಿಗುತ್ತದೆ. ಅಷ್ಟರಲ್ಲಿ ಬಗೆಹರಿಯದ ಸಾಲು ‘ವಿವಾದಿತ’ ಎಂಬ ಗುರುತಿನೊಂದಿಗೇ ಪ್ರಕಟವಾಗುತ್ತದೆ.