ಹೊರಬಾರದ ಕೋರೆಹಲ್ಲಿಗೆ ಮೂರು ಆಯಾಮದ ಸ್ಕ್ಯಾನ್: ಒಂದು ವಿಮರ್ಶೆ

ಹಲ್ಲು ಮತ್ತು ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಕೋನ್ ಬೀಮ್ ಸಿಟಿ, ಅಂದರೆ ಸಿಬಿಸಿಟಿ ಸ್ಕ್ಯಾನ್, 1990ರ ದಶಕದ ಕೊನೆಯಲ್ಲಿ ಇಟಲಿ ಮತ್ತು ಜಪಾನಿನ ತಜ್ಞರ ಕೈಯಲ್ಲಿ ರೂಪುಗೊಂಡು ಈಗ ದಂತ ಚಿತ್ರಣ ಕೇಂದ್ರಗಳ ಸಾಮಾನ್ಯ ಸೇವೆಯಾಗಿದೆ. ಮಗಳ ಮೇಲ್ದವಡೆಯ ಒಂದು ಕೋರೆಹಲ್ಲು ಬರಬೇಕಾದ ವಯಸ್ಸು ದಾಟಿದರೂ ಬಾರದಿದ್ದ ಕಾರಣ ನಾವು ಈ ಸೇವೆಯನ್ನು ಪಡೆದೆವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವೈದ್ಯರ ಮುಂದೆ ಒಂದು ಖಚಿತವಾದ ಪ್ರಶ್ನೆಯಿದ್ದು, ಅದಕ್ಕೆ ಸಾಮಾನ್ಯ ಎಕ್ಸ್-ರೇ ಉತ್ತರ ಕೊಡಲಾರದೆ ಹೋದಾಗ, ಈ ಸ್ಕ್ಯಾನ್ ಕೊಡುವ ಉತ್ತರಕ್ಕೆ ಸಾಟಿಯಿಲ್ಲ. ಪ್ರಶ್ನೆಯೇ ಇಲ್ಲದೆ, ಎಲ್ಲವನ್ನೂ ಒಮ್ಮೆ ನೋಡಿಬಿಡೋಣ ಎಂಬ ಉತ್ಸಾಹದಲ್ಲಿ ಮಾಡಿಸುವವರಿಗೆ ಇದು ಹಣದ ನಷ್ಟ ಮಾತ್ರವಲ್ಲ, ಮಗುವಿನ ಮೇಲೆ ಬೀಳುವ ಅನಗತ್ಯ ವಿಕಿರಣವೂ ಹೌದು.

ಮೇಲಿನ ಕೋರೆಹಲ್ಲುಗಳು ಸಾಮಾನ್ಯವಾಗಿ 11ರಿಂದ 12ನೆಯ ವಯಸ್ಸಿನಲ್ಲಿ ಹೊರಬರುತ್ತವೆ. ಅದಕ್ಕೂ ಮೊದಲೇ, 9 ಅಥವಾ 10ರ ಹೊತ್ತಿಗೆ, ಮೇಲಿನ ವಸಡಿನ ಹೊರಬದಿಯನ್ನು ಬೆರಳಿನಿಂದ ಒತ್ತಿ ನೋಡಿದರೆ ಒಳಗಿರುವ ಹಲ್ಲಿನ ಉಬ್ಬು ಕೈಗೆ ಸಿಗಬೇಕು. ನಮ್ಮ ಮಗಳಲ್ಲಿ ಒಂದು ಬದಿಗೆ ಅದು ಸಿಗಲಿಲ್ಲ. ಆ ಬದಿಯ ಪಕ್ಕದ ಬಾಚಿಹಲ್ಲು ಗಾತ್ರದಲ್ಲಿ ಸಣ್ಣದಾಗಿ, ಮೊಳೆಯಂತೆ ಚೂಪಾಗಿತ್ತು. ಅಂಗುಳಿನ ಕಡೆಗೆ ದಾರಿ ತಪ್ಪುವ ಕೋರೆಹಲ್ಲಿನ ಜೊತೆಯಲ್ಲಿ ಇಂಥ ಕಿರಿದಾದ ಬಾಚಿಹಲ್ಲು ಹೆಚ್ಚಾಗಿ ಕಾಣಸಿಗುತ್ತದೆ ಎಂದು ದಂತವೈದ್ಯರು ವಿವರಿಸಿದರು. ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸುವ ಒಪಿಜಿ ಚಿತ್ರದಲ್ಲಿ ಕೋರೆಹಲ್ಲು ಇದೆಯೆಂಬುದೂ ಅದು ಓರೆಯಾಗಿ ಮಲಗಿದೆಯೆಂಬುದೂ ಕಂಡಿತು. ಆದರೆ ಅದರ ತುದಿ ಬಾಚಿಹಲ್ಲಿನ ಬೇರಿನ ಮೇಲೆ ಬಿದ್ದಂತೆ ಕಾಣುತ್ತಿತ್ತು. ಗೋಡೆಯ ಮೇಲೆ ಬಿದ್ದ ಎರಡು ಕೈಗಳ ನೆರಳನ್ನು ನೋಡಿ ಯಾವ ಕೈ ಮುಂದಿದೆ, ಅವು ಒಂದಕ್ಕೊಂದು ತಾಗಿವೆಯೇ ಎಂದು ಹೇಳಲಾಗದಂತೆ, ಈ ಚಪ್ಪಟೆ ಚಿತ್ರವೂ ಅಲ್ಲಿಗೆ ನಿಂತಿತು.

ಇಲ್ಲಿ ಒಂದು ಹಳೆಯ ಉಪಾಯಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕು. ಎಕ್ಸ್-ರೇ ಕೊಳವೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎರಡು ಸಣ್ಣ ಚಿತ್ರಗಳನ್ನು ತೆಗೆದರೆ, ಕೊಳವೆ ಸರಿದ ದಿಕ್ಕಿಗೇ ಸರಿದಂತೆ ಕಾಣುವ ಹಲ್ಲು ಅಂಗುಳಿನ ಕಡೆಗೂ, ವಿರುದ್ಧ ದಿಕ್ಕಿಗೆ ಸರಿದಂತೆ ಕಾಣುವ ಹಲ್ಲು ತುಟಿಯ ಕಡೆಗೂ ಇರುತ್ತದೆ. ಕ್ಲಾರ್ಕ್ ಅವರು 1910ರಲ್ಲಿ ವಿವರಿಸಿದ ಈ ವಿಧಾನ ಇಂದಿಗೂ ಕೆಲಸ ಮಾಡುತ್ತದೆ. ನಮ್ಮ ವೈದ್ಯರೂ ಇದನ್ನೇ ಮೊದಲು ಬಳಸಿ, ಕೋರೆಹಲ್ಲು ಅಂಗುಳಿನ ಬದಿಯಲ್ಲಿದೆ ಎಂದು ನಿರ್ಧರಿಸಿದರು. ಎಷ್ಟೋ ಮಕ್ಕಳಿಗೆ ಇಷ್ಟು ಮಾಹಿತಿಯೇ ಸಾಕಾಗುತ್ತದೆ. ನಮಗೆ ಸಾಲದೆ ಹೋದದ್ದಕ್ಕೆ ಕಾರಣ, ಹೊರಬಾರದ ಕೋರೆಹಲ್ಲು ಪಕ್ಕದ ಬೇರನ್ನು ಒತ್ತಿ ಅದು ಕ್ರಮೇಣ ಕರಗುವಂತೆ ಮಾಡಬಲ್ಲದು. ಆ ಸವೆತ ಬೇರಿನ ಹಿಂಬದಿಯಲ್ಲಾದರೆ ಬೇರಿನದೇ ನೆರಳಿನಲ್ಲಿ ಅಡಗಿಬಿಡುತ್ತದೆ. ಬಾಚಿಹಲ್ಲನ್ನು ಉಳಿಸಿಕೊಳ್ಳಬಹುದೇ, ಕೋರೆಹಲ್ಲನ್ನು ಯಾವ ದಿಕ್ಕಿಗೆ ಎಳೆದರೆ ಬೇರಿಗೆ ಪೆಟ್ಟಾಗುವುದಿಲ್ಲ ಎಂಬ ಎರಡು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದೇ ವೈದ್ಯರು ನಮ್ಮನ್ನು ಸ್ಕ್ಯಾನಿಗೆ ಕಳುಹಿಸಿದರು. ಆ ಎರಡು ಸಾಲುಗಳೇ ಇಡೀ ಸೇವೆಯ ಗುಣಮಟ್ಟವನ್ನು ನಿರ್ಧರಿಸಿದವು ಎಂದು ಈಗ ಅನ್ನಿಸುತ್ತದೆ.

ನಾವು ಮೊದಲು ವಿಚಾರಿಸಿದ ಕೇಂದ್ರದವರು ಚೀಟಿಯನ್ನು ಸರಿಯಾಗಿ ಓದದೆಯೇ ಪೂರ್ತಿ ಮುಖದ ಸ್ಕ್ಯಾನ್ ಮಾಡಿಕೊಡುವುದಾಗಿ ಹೇಳಿದರು. ಮುಂದೆ ಬೇಕಾಗಬಹುದು ಎಂಬುದು ಅವರ ಸಮರ್ಥನೆಯಾಗಿತ್ತು. ನಾವು ಅಲ್ಲಿ ಮಾಡಿಸಲಿಲ್ಲ. ಚಿತ್ರಣದ ಕ್ಷೇತ್ರ ದೊಡ್ಡದಾದಷ್ಟೂ ವಿಕಿರಣದ ಪ್ರಮಾಣ ಸಾಮಾನ್ಯವಾಗಿ ಏರುತ್ತದೆ, ಚಿತ್ರದ ಸೂಕ್ಷ್ಮತೆ ಇಳಿಯುತ್ತದೆ. ಒಂದು ಒಪಿಜಿಯಲ್ಲಿ ಸುಮಾರು 10ರಿಂದ 25 ಮೈಕ್ರೋಸೀವರ್ಟ್ ವಿಕಿರಣವಿದ್ದರೆ, ಸಿಬಿಸಿಟಿಯಲ್ಲಿ ಯಂತ್ರ, ಕ್ಷೇತ್ರ ಮತ್ತು ಹೊಂದಾಣಿಕೆಗಳಿಗೆ ತಕ್ಕಂತೆ ಅದು ಕೆಲವು ಹತ್ತುಗಳಿಂದ ಹಲವು ನೂರರವರೆಗೂ ಹೋಗುತ್ತದೆ. ಭೂಮಿಯ ಮೇಲೆ ಬದುಕುವ ಒಬ್ಬ ವ್ಯಕ್ತಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್‌ನಷ್ಟು ವಿಕಿರಣ ತಗಲುತ್ತದೆ ಎಂಬುದನ್ನು ನೆನೆದರೆ ಗಾಬರಿಪಡಬೇಕಾದ್ದಿಲ್ಲ. ಆದರೂ ಬೆಳೆಯುವ ಮಕ್ಕಳ ಅಂಗಾಂಶಗಳು ವಿಕಿರಣಕ್ಕೆ ವಯಸ್ಕರಿಗಿಂತ ಹೆಚ್ಚು ಸೂಕ್ಷ್ಮವಾಗಿರುವುದರಿಂದ ಲೆಕ್ಕವನ್ನು ಬಿಗಿಯಾಗಿಯೇ ಹಿಡಿಯಬೇಕು. ಕಡಿಮೆ ವಿಕಿರಣದ ಚಿತ್ರಗಳಿಂದ ಉತ್ತರ ಸಿಗದಿದ್ದಾಗ ಮಾತ್ರ ಸಿಬಿಸಿಟಿ ಬಳಸಬೇಕು, ಬಳಸುವಾಗಲೂ ಪ್ರಶ್ನೆಗೆ ಒಗ್ಗುವ ಅತಿ ಚಿಕ್ಕ ಕ್ಷೇತ್ರವನ್ನೇ ಆರಿಸಬೇಕು ಎಂದು ಯುರೋಪಿಯನ್ ಕಮಿಷನ್ 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಹೇಳುತ್ತದೆ.

ನಾವು ಕೊನೆಗೆ ಆರಿಸಿಕೊಂಡ ಕೇಂದ್ರದ ತಂತ್ರಜ್ಞರು ಆ ಕೋರೆಹಲ್ಲು ಮತ್ತು ಅದರ ನೆರೆಯ ಹಲ್ಲುಗಳಿಗಷ್ಟೇ ಕ್ಷೇತ್ರವನ್ನು ಸೀಮಿತಗೊಳಿಸಿದರು. ಸ್ಕ್ಯಾನ್ ಸ್ವತಃ ಸರಳವಾದದ್ದು. ಗಲ್ಲವನ್ನು ಆಧಾರದ ಮೇಲಿಟ್ಟು, ಸಣ್ಣ ಕಡ್ಡಿಯೊಂದನ್ನು ಕಚ್ಚಿ ನಿಂತರೆ, ಯಂತ್ರದ ತೋಳು ತಲೆಯ ಸುತ್ತ ಒಮ್ಮೆ ತಿರುಗುತ್ತದೆ. ಶಂಕುವಿನಾಕಾರದ ಕಿರಣ ಒಂದು ಬದಿಯಿಂದ ಹೊರಟು ಇನ್ನೊಂದು ಬದಿಯ ಚಪ್ಪಟೆ ಗ್ರಾಹಕಕ್ಕೆ ತಲುಪುತ್ತದೆ, ಹೀಗೆ ದೊರೆತ ನೂರಾರು ಚಿತ್ರಗಳಿಂದ ಗಣಕ ಒಂದು ಘನವನ್ನು ಕಟ್ಟುತ್ತದೆ. ಆಸ್ಪತ್ರೆಯ ದೊಡ್ಡ ಸಿಟಿ ಯಂತ್ರದಲ್ಲಿರುವಂತೆ ಮಲಗುವ ಅಗತ್ಯವಿಲ್ಲ. ಆದರೆ ಆ ಕೆಲವು ಸೆಕೆಂಡುಗಳಲ್ಲಿ ಮಗು ಅಲುಗಾಡಿದರೆ ಚಿತ್ರ ಮಸುಕಾಗಿ ಮತ್ತೆ ತೆಗೆಯಬೇಕಾಗುತ್ತದೆ, ಅಂದರೆ ವಿಕಿರಣ ಇಮ್ಮಡಿಯಾಗುತ್ತದೆ. ಇಲ್ಲಿಯ ತಂತ್ರಜ್ಞರು ಕಿರಣವನ್ನು ಹಾಯಿಸದೆ ತೋಳನ್ನು ಮಾತ್ರ ಒಮ್ಮೆ ತಿರುಗಿಸಿ ತೋರಿಸಿ ಮಗಳ ಭಯವನ್ನು ಕಳೆದರು. ಈ ಸೇವೆಯಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದ ಸಂಗತಿ ಇದು.

ಫಲಿತಾಂಶವಾಗಿ ನಮಗೆ ಬಣ್ಣ ತುಂಬಿದ, ಎತ್ತ ಬೇಕಾದರೂ ತಿರುಗಿಸಬಹುದಾದ ದವಡೆಯ ಚಿತ್ರವೊಂದು ಸಿಕ್ಕಿತು. ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ವೈದ್ಯರು ಮಾತ್ರ ಅದರ ಕಡೆಗೆ ಹೆಚ್ಚು ಗಮನ ಕೊಡದೆ, ಮೂರು ದಿಕ್ಕುಗಳಲ್ಲಿ ಕತ್ತರಿಸಿದಂತಿರುವ ಬೂದುಬಣ್ಣದ ಪದರಗಳನ್ನು ಒಂದೊಂದಾಗಿ ಸರಿಸುತ್ತಾ ಹೋದರು. ಅವರು ಮಾಡಿದ್ದೇ ಸರಿ. ಬಣ್ಣದ ಚಿತ್ರದಲ್ಲಿ ತೆಳುವಾದ ಎಲುಬು ಮಾಯವಾಗಬಹುದು, ಸವೆತ ಇಲ್ಲದ ಕಡೆ ಇದ್ದಂತೆ ಕಾಣಬಹುದು. ನಿರ್ಣಯಕ್ಕೆ ಆಧಾರ ಪದರಗಳೇ. ಅವುಗಳಲ್ಲಿ ಕೋರೆಹಲ್ಲಿನ ತುದಿ ಬಾಚಿಹಲ್ಲಿನ ಬೇರಿನ ಹಿಂಬದಿಗೆ ತಾಗಿರುವುದೂ, ಅಲ್ಲಿ ಬೇರು ಸ್ವಲ್ಪ ಸವೆದಿದ್ದರೂ ಸವೆತ ಹಲ್ಲಿನ ಒಳಗಿನ ತಿರುಳನ್ನು ಮುಟ್ಟದಿರುವುದೂ ಸ್ಪಷ್ಟವಾಗಿ ಕಂಡವು. ಕೋರೆಹಲ್ಲನ್ನು ಮೊದಲು ಅಂಗುಳಿನ ಕಡೆಗೆ ಎಳೆದು ಬೇರಿನಿಂದ ಬಿಡಿಸಿ, ಆಮೇಲೆ ಸಾಲಿಗೆ ತರಬೇಕೆಂದು ತೀರ್ಮಾನವಾಯಿತು. ಇದನ್ನು ಒಪಿಜಿಯೊಂದನ್ನೇ ನೋಡಿ ನಿರ್ಧರಿಸುವುದು ಸಾಧ್ಯವಿರಲಿಲ್ಲ.

ಬೆಳವಣಿಗೆಯ ಬೇರೆ ದೋಷಗಳ ಪೈಕಿ, ಹಲ್ಲೊಂದು ರೂಪುಗೊಳ್ಳುವಾಗ ಅದರ ಹೊರಪದರ ಒಳಕ್ಕೆ ಮಡಿಚಿಕೊಂಡು ಹಲ್ಲಿನೊಳಗೆ ಹಲ್ಲಿದ್ದಂತೆ ತೋರುವ ಸ್ಥಿತಿಯಲ್ಲಿ ಈ ಸ್ಕ್ಯಾನ್ ಬಹಳ ಉಪಯುಕ್ತ. ಓಹ್ಲರ್ಸ್ 1957ರಲ್ಲಿ ಇದನ್ನು ಮೂರು ಬಗೆಗಳಾಗಿ ವಿಂಗಡಿಸಿದರು. ಮೂರನೆಯ ಬಗೆಯಲ್ಲಿ ಮಡಿಕೆ ಬೇರನ್ನು ಹಾದು ಹೊರಗೆ ತೆರೆದುಕೊಳ್ಳುವುದರಿಂದ, ಬೇರುನಾಳ ಚಿಕಿತ್ಸೆಗೆ ಮೊದಲು ಆ ದಾರಿಯನ್ನು ತಿಳಿದಿರಲೇಬೇಕು. ಮುಂಬಲ್ಲುಗಳ ನಡುವೆ ಅಡಗಿದ ಹೆಚ್ಚುವರಿ ಹಲ್ಲು, ಪೆಟ್ಟಿನಿಂದ ಡೊಂಕಾಗಿ ಬೆಳೆದ ಬೇರು, ಒಂದಕ್ಕೊಂದು ಕೂಡಿಕೊಂಡ ಹಲ್ಲುಗಳು ಇವುಗಳಲ್ಲೂ ಶಸ್ತ್ರಚಿಕಿತ್ಸೆಯ ದಾರಿ ಸ್ಪಷ್ಟವಾಗುತ್ತದೆ. ಆದರೆ ಕೆಲವು ಹಲ್ಲುಗಳು ಹುಟ್ಟಿನಿಂದಲೇ ಇಲ್ಲವೆಂಬುದನ್ನು ತಿಳಿಯಲು ಒಪಿಜಿ ಸಾಕು. ಎನಾಮೆಲ್ ತೆಳುವಾಗಿರುವುದನ್ನೋ ಅದರ ಮೇಲಿನ ಕಲೆಗಳನ್ನೋ ಗುರುತಿಸಲು ವೈದ್ಯರ ಕಣ್ಣು ಈ ಯಂತ್ರಕ್ಕಿಂತ ಮೇಲು.

ಕೊರತೆಗಳೂ ಇವೆ. ಬಾಯಿಯಲ್ಲಿ ಲೋಹದ ತುಂಬುವಿಕೆ ಅಥವಾ ಕ್ಲಿಪ್ ಇದ್ದರೆ ಚಿತ್ರದಲ್ಲಿ ಕಪ್ಪು ಬಿಳುಪಿನ ಗೆರೆಗಳು ಹರಡಿ ಪಕ್ಕದ ಬೇರುಗಳನ್ನು ಮುಚ್ಚುತ್ತವೆ. ಹಾಗಾಗಿ ಕ್ಲಿಪ್ ಹಾಕುವುದಕ್ಕೆ ಮೊದಲೇ ಸ್ಕ್ಯಾನ್ ಮಾಡಿಸುವುದು ಜಾಣತನ. ವಸಡಿನಂಥ ಮೃದು ಭಾಗಗಳು ಇದರಲ್ಲಿ ಸರಿಯಾಗಿ ಬೇರ್ಪಟ್ಟು ಕಾಣುವುದಿಲ್ಲ. ಕೇಂದ್ರದ ಕಡೆಯಿಂದ ನನಗಿದ್ದ ಅಸಮಾಧಾನವೆಂದರೆ, ಹೊಳೆಯುವ ಕಾಗದದ ಮೇಲೆ ಮುದ್ರಿಸಿದ ಚಿತ್ರಗಳನ್ನು ಕೂಡಲೇ ಕೈಗಿತ್ತವರು ತಜ್ಞರ ಲಿಖಿತ ವರದಿಯನ್ನು ಕೇಳಿದ ಮೇಲಷ್ಟೇ ಕೊಟ್ಟರು. ಸ್ಕ್ಯಾನಿನಲ್ಲಿ ಸೆರೆಯಾದ ಇಡೀ ಭಾಗವನ್ನು, ಚೀಟಿಯಲ್ಲಿ ಕೇಳದ ಅಂಶಗಳನ್ನೂ ಸೇರಿಸಿ, ದಂತ ವಿಕಿರಣ ತಜ್ಞರೊಬ್ಬರು ಓದಿ ಬರೆಯಬೇಕು; ಅದಿಲ್ಲದೆ ಸೇವೆ ಅರ್ಧಕ್ಕೇ ನಿಂತಂತೆ. ಮೂಲ ದತ್ತಾಂಶವನ್ನು ಡೈಕಾಮ್ ರೂಪದಲ್ಲಿ, ಅಂದರೆ ವೈದ್ಯಕೀಯ ಚಿತ್ರಗಳಿಗೆ ಎಲ್ಲೆಡೆ ಬಳಸುವ ಗಣಕ ಕಡತದ ರೂಪದಲ್ಲಿ, ಕೇಳಿ ಪಡೆಯುವುದೂ ಒಳ್ಳೆಯದು, ಏಕೆಂದರೆ ಬೇರೊಬ್ಬ ವೈದ್ಯರ ಅಭಿಪ್ರಾಯ ಬೇಕೆನಿಸಿದಾಗ ಅದಿದ್ದರೆ ಮರುಸ್ಕ್ಯಾನ್ ತಪ್ಪುತ್ತದೆ. ಚಿಕಿತ್ಸೆಯ ಪ್ರಗತಿಯನ್ನು ನೋಡಲು ಮತ್ತೊಮ್ಮೆ ಸಿಬಿಸಿಟಿ ಬೇಕೇ ಎಂದು ಕೇಳಿದಾಗ ನಮ್ಮ ವೈದ್ಯರು ಬೇಡವೆಂದರು. ಹಲ್ಲು ವಸಡಿನಿಂದ ಹೊರಬರುವವರೆಗೆ ಅಗತ್ಯಬಿದ್ದಾಗ ಒಂದು ಸಣ್ಣ ಎಕ್ಸ್-ರೇ ಸಾಕೆಂಬುದು ಅವರ ನಿಲುವು.